ಬೇಡವೆಂದವರೇ ಕಟ್ಟಿದ ಗುಮ್ಮಟ

ಬರ್ಲಿನ್ನಿನ ಸಂಸತ್ ಭವನದ ಚಾವಣಿಗೆ ಲಿಫ್ಟಿನಲ್ಲಿ ಹೋಗಿ ಇಳಿದು ಗುಮ್ಮಟದೊಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಒಂದು ಆಲಿಕೆ. ಹಿಂದೆ ಮನೆಯಲ್ಲಿ ಸ್ಟವ್‌ಗೆ ಸೀಮೆಎಣ್ಣೆ ಸುರಿಯಲು ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ ಆಕಾರ. ಬುಡ ಸಣ್ಣದು, ಮೇಲೆ ಹೋದಂತೆ ಅಗಲ. ಮೈ ತುಂಬ ಕನ್ನಡಿ. ಒಟ್ಟು 360 ಕನ್ನಡಿಗಳಿವೆ. ಎದುರಿಗೆ ನಿಂತರೆ ನಮ್ಮ ತಲೆ ಒಂದು ಕನ್ನಡಿಯಲ್ಲಿ, ಹೊಟ್ಟೆ ಇನ್ನೊಂದರಲ್ಲಿ, ಚಪ್ಪಲಿ ಮತ್ತೊಂದರಲ್ಲಿ ಕಾಣುತ್ತದೆ. ನನ್ನ ಪಕ್ಕದಲ್ಲಿದ್ದ ಮಗುವೊಂದು ಅದನ್ನೇ ಆಟ ಮಾಡಿಕೊಂಡಿತ್ತು. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಆ ಆಲಿಕೆಯ ಸುತ್ತ ಗಾಜಿನ ಗುಮ್ಮಟ. ಗುಮ್ಮಟದ ಕೆಳಗೆ 1894ರ ಕಲ್ಲಿನ ಕಟ್ಟಡ. ದಪ್ಪ ಕಂಬಗಳು, ನಾಲ್ಕು ಮೂಲೆಗೆ ನಾಲ್ಕು ಗೋಪುರ, ಎಲ್ಲ ಕಡೆ ಕೆತ್ತನೆ. ಅಂಥ ಅಜ್ಜನ ತಲೆಗೆ ಇಂಥ ಟೋಪಿ ಹೇಗೆ ಒಪ್ಪಿತು? ಹಳೆಯ ಕಟ್ಟಡಕ್ಕೆ ಹೊಸದನ್ನು ಸೇರಿಸುವ ಮಾತು ಬಂದಾಗಲೆಲ್ಲ ಈ ಕಟ್ಟಡವನ್ನು ಉದಾಹರಣೆ ಕೊಡುತ್ತಾರೆ. ಹೆಚ್ಚಿನವರು ಹೊಗಳುವುದು ಅದರ ಧೈರ್ಯವನ್ನು. ನನಗೂ ಅದು ಇಷ್ಟ. ಆದರೆ ಕಾರಣ ಸ್ವಲ್ಪ ಬೇರೆ. ಈ ಗುಮ್ಮಟವನ್ನು ಕಟ್ಟಿದ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್‌ಗೆ ಗುಮ್ಮಟವೇ ಬೇಕಿರಲಿಲ್ಲ. ಕಟ್ಟಲೇಬೇಕು ಎಂದಾದ ಮೇಲೆ, ಸುಮ್ನೆ ಶೋಭೆಗೆ ಕೂರಲು ಬಿಡುವುದಿಲ್ಲ ಎಂದು ಅದಕ್ಕೆ ಕೈತುಂಬ ಕೆಲಸ ಕೊಟ್ಟರು. ಈ ಅಧ್ಯಯನ ಆ ಕೆಲಸದ ಬಗ್ಗೆ.

ಹಳೆಯ ಕಟ್ಟಡ

ಕಟ್ಟಡದ ಹೆಸರು ರೈಷ್‌ಸ್ಟಾಗ್. ಮೂಲ ವಾಸ್ತುಶಿಲ್ಪಿ ಪಾಲ್ ವಾಲೊಟ್. 1882ರ ಸ್ಪರ್ಧೆಯಲ್ಲಿ ಗೆದ್ದರು, 1884ರಲ್ಲಿ ಅಡಿಗಲ್ಲು ಬಿತ್ತು, ಹತ್ತು ವರ್ಷ ಕೆಲಸ ನಡೆಯಿತು. ಅವರು ಕಟ್ಟಿದ ಗುಮ್ಮಟ ಕಲ್ಲಿನದಲ್ಲ. ಅದೂ ಉಕ್ಕು ಮತ್ತು ಗಾಜಿನದೇ. ಎಂಜಿನಿಯರ್ ಹರ್ಮನ್ ಝಿಮ್ಮರ್‌ಮನ್ ಲೆಕ್ಕ ಹಾಕಿ ಹಗುರ ಮಾಡಿಕೊಟ್ಟ ಗುಮ್ಮಟ. ಆ ಕಾಲಕ್ಕೆ ಅದು ಹೊಸ ತಂತ್ರ. ರೈಲ್ವೆ ಸ್ಟೇಷನ್ನಿಗೆ, ವಸ್ತುಪ್ರದರ್ಶನದ ಮಂಟಪಕ್ಕೆ ಬಳಸುವ ಸಾಮಾನನ್ನು ತಂದು ಸಂಸತ್ತಿನ ನೆತ್ತಿಗೆ ಇಟ್ಟಿದ್ದರು. ಎತ್ತರ ಸುಮಾರು 75 ಮೀಟರ್.

ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ಗೆ ಈ ಕಟ್ಟಡ ಕಂಡರೆ ಆಗುತ್ತಿರಲಿಲ್ಲ. ಕೀಳು ಅಭಿರುಚಿಯ ತುತ್ತತುದಿ ಎಂದು ಜರೆದಿದ್ದ. ಹೊಸ ಗಾಜಿನ ಗುಮ್ಮಟ ಬಂದಾಗ ‘ಹಳೆಯದರ ಗಾಂಭೀರ್ಯ ಹಾಳಾಯಿತು’ ಎಂದವರಿದ್ದರು. ಅವರು ಯಾವ ಹಳೆಯದನ್ನು ನೆನೆಸಿಕೊಳ್ಳುತ್ತಿದ್ದರೋ ಅದೂ ಒಂದು ಕಾಲಕ್ಕೆ ಬೈಸಿಕೊಂಡ ಹೊಸದೇ ಆಗಿತ್ತು. ಇದು ಮರೆತುಹೋಗುತ್ತದೆ.

ಮುಂಬಾಗಿಲಿನ ಮೇಲೆ ಒಂದು ಸಾಲು ಬರೆಸಬೇಕೆಂದು ವಾಲೊಟ್ ಜಾಗ ಬಿಟ್ಟಿದ್ದರು: ‘ಜರ್ಮನ್ ಜನತೆಗೆ’. ಆ ಜಾಗ ಇಪ್ಪತ್ತು ವರ್ಷಕ್ಕೂ ಜಾಸ್ತಿ ಖಾಲಿಯೇ ಇತ್ತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಕೊನೆಗೂ ಅಕ್ಷರಗಳು ಬಂದವು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಫ್ರೆಂಚರಿಂದ ಕಿತ್ತುಕೊಂಡಿದ್ದ ಎರಡು ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದರು. ಎರಕ ಹೊಯ್ದ ಲೋವಿ ಕುಟುಂಬ ಯಹೂದಿಗಳದು. ಮುಂದೆ ನಾಜಿಗಳ ಕಾಲದಲ್ಲಿ ಯಹೂದಿಗಳ ಪಾಡು ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಅಕ್ಷರಗಳು ಇವತ್ತಿಗೂ ಅಲ್ಲೇ ಇವೆ.

ವಿಧಾನಸೌಧದ ‘ಸರ್ಕಾರಿ ಕೆಲಸ ದೇವರ ಕೆಲಸ’ ನೋಡಿ ಬೆಳೆದ ನಮಗೆ, ಸರ್ಕಾರದ ಕಟ್ಟಡದ ಹಣೆಬರಹ ಓದುವುದು ಅಭ್ಯಾಸ. ಒಂದು ಸಾಲು ಕೆಲಸ ಮಾಡುವವರಿಗೆ ಹೇಳುತ್ತದೆ, ಇನ್ನೊಂದು ಕಟ್ಟಡ ಯಾರದು ಎಂದು ಹೇಳುತ್ತದೆ. ಬರ್ಲಿನ್ನಿನ ಸಾಲು ನಿಜವಾಗಲು ತುಂಬ ಕಾಲ ಹಿಡಿಯಿತು.

1918ರ ನವೆಂಬರ್ 9ರಂದು ರಾಜಕಾರಣಿ ಫಿಲಿಪ್ ಶೈಡೆಮನ್ ಇದೇ ಕಟ್ಟಡದಿಂದ ಗಣರಾಜ್ಯ ಘೋಷಿಸಿದರು. 1933ರ ಫೆಬ್ರವರಿ 27ರ ರಾತ್ರಿ ಬೆಂಕಿ ಬಿತ್ತು, ಸಭಾಂಗಣ ಸುಟ್ಟುಹೋಯಿತು. ಮಾರನೇ ದಿನವೇ ಅದನ್ನು ನೆಪ ಮಾಡಿಕೊಂಡು ಹಿಟ್ಲರನ ಸರ್ಕಾರ ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡಿತು. ನಾಜಿಗಳ ಸಂಸತ್ತು ಎದುರುಗಡೆಯ ಕ್ರೋಲ್ ಒಪೆರಾ ಭವನದಲ್ಲಿ ಸೇರುತ್ತಿತ್ತು, ಇಲ್ಲಲ್ಲ. ಆದರೂ 1945ರಲ್ಲಿ ಸೋವಿಯತ್ ಸೈನಿಕರು ಬಾವುಟ ಹಾರಿಸಲು ಆರಿಸಿಕೊಂಡದ್ದು ಇದೇ ಕಟ್ಟಡವನ್ನು. ಗೋಡೆ ತುಂಬ ಗುಂಡಿನ ತೂತು. ಉಳಿದಿದ್ದ ಗುಮ್ಮಟದ ಅಸ್ಥಿಪಂಜರ ಬೀಳುವ ಅಪಾಯವಿದೆ ಎಂದು 1954ರ ನವೆಂಬರಿನಲ್ಲಿ ಸ್ಫೋಟಿಸಿ ಕೆಡವಿದರು.

ಆಮೇಲೆ ಅರುವತ್ತರ ದಶಕದಲ್ಲಿ ಪಾಲ್ ಬೌಮ್‌ಗಾರ್ಟನ್ ಎಂಬ ವಾಸ್ತುಶಿಲ್ಪಿ ಒಳಗಡೆ ಎಲ್ಲ ಮುಚ್ಚಿ, ಬೋಳು ಬಿಳಿ ಫಲಕ ಹೊಡೆದು, ಅಚ್ಚುಕಟ್ಟು ಮಾಡಿದರು. ಬರ್ಲಿನ್ ಗೋಡೆ ಕಟ್ಟಡದ ಬೆನ್ನಿಗೇ ಹಾದುಹೋಗಿತ್ತು. ಪಶ್ಚಿಮ ಜರ್ಮನಿಯ ಸಂಸತ್ತು ಬಾನ್ ನಗರದಲ್ಲಿತ್ತು. ಇಷ್ಟು ದೊಡ್ಡ ಕಟ್ಟಡ ನಿಜವಾದ ಕೆಲಸವಿಲ್ಲದೆ, ನೆತ್ತಿ ಬೋಳಾಗಿ ಕೂತಿತ್ತು.

ಸ್ಪರ್ಧೆ, ಜಗಳ, ಮತ್ತೆ ಗುಮ್ಮಟ

ಎರಡು ಜರ್ಮನಿಗಳು 1990ರ ಅಕ್ಟೋಬರಿನಲ್ಲಿ ಒಂದಾದವು. 1991ರ ಜೂನ್ 20ರಂದು ರಾಜಧಾನಿಯ ಕೆಲಸ ಬರ್ಲಿನ್ನಿಗೆ ಬರಬೇಕೋ ಬೇಡವೋ ಎಂದು ಮತಕ್ಕೆ ಹಾಕಿದರು. 338 ಪರ, 320 ವಿರೋಧ. ಹದಿನೆಂಟೇ ಮತದ ಅಂತರ. ಈ ಅಳುಕು ಮುಂದೆ ಕಟ್ಟಡದ ಪ್ರತಿ ಚರ್ಚೆಯಲ್ಲೂ ಇತ್ತು. ಬರ್ಲಿನ್, ಸಂಸತ್ತು, ದೊಡ್ಡ ಗುಮ್ಮಟ ಈ ಮೂರನ್ನೂ ಒಟ್ಟಿಗೆ ಹೇಳಿದರೆ ನೆರೆಹೊರೆಯ ದೇಶಗಳಿಗೆ ಏನು ನೆನಪಾಗುತ್ತದೆ ಎಂಬ ಅಳುಕು.

ಅದಕ್ಕೆ ಕಾರಣವಿತ್ತು. ಹಿಟ್ಲರನ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೇರ್ ಇದೇ ಕಟ್ಟಡದ ಪಕ್ಕದಲ್ಲಿ ಸುಮಾರು 290 ಮೀಟರ್ ಎತ್ತರದ ಗುಮ್ಮಟದ ಸಭಾಭವನ ಯೋಜಿಸಿದ್ದ. ಅದು ಕಟ್ಟಲಾಗಲಿಲ್ಲ. ಆದರೆ ಗುಮ್ಮಟ ಎಂಬ ಪದಕ್ಕೆ ಅದರ ವಾಸನೆ ಅಂಟಿಕೊಂಡಿತ್ತು.

ಸ್ಪರ್ಧೆಯ ಮೊದಲ ಸುತ್ತಿನ ಫಲಿತಾಂಶ 1993ರಲ್ಲಿ ಬಂತು. ಮೂವರಿಗೆ ಸಮನಾಗಿ ಮೊದಲ ಬಹುಮಾನ. ಬ್ರಿಟನ್ನಿನ ನಾರ್ಮನ್ ಫಾಸ್ಟರ್, ಸ್ಪೇನಿನ ಸ್ಯಾಂಟಿಯಾಗೊ ಕಲಾಟ್ರಾವಾ, ನೆದರ್‌ಲ್ಯಾಂಡ್ಸ್‌ನ ಪಿ ಡಿ ಬ್ರೌನ್. ಮೂವರೂ ಹೊರದೇಶದವರು. ಇನ್ನೊಂದು ಸುತ್ತು ಆಗಿ ಕೆಲಸ ಫಾಸ್ಟರ್ ಪಾಲಿಗೆ ಬಂತು.

ಅವರ ಮೊದಲ ಚಿತ್ರದಲ್ಲಿ ಗುಮ್ಮಟ ಇರಲಿಲ್ಲ. ಇಡೀ ಹಳೆಯ ಕಟ್ಟಡದ ಮೇಲೆ, ಅದಕ್ಕಿಂತ ಅಗಲವಾಗಿ, ತೆಳ್ಳಗಿನ ಎತ್ತರದ ಕಂಬಗಳ ಮೇಲೆ ನಿಂತ ಒಂದು ಬೆಳಕು ಹಾಯುವ ಚಪ್ಪರ. ಮದುವೆ ಮನೆ ಮುಂದೆ ಹಾಕುತ್ತಾರಲ್ಲ, ಹಾಗೆ ಹಳೆಯ ಕಟ್ಟಡಕ್ಕೂ ಅದರ ಮುಂದಿನ ಬಯಲಿಗೂ ಸೇರಿಸಿ ಒಂದೇ ಚಪ್ಪರ. ಫಾಸ್ಟರ್ ಅಭಿಮಾನಿಗಳು ಕ್ಷಮಿಸಬೇಕು, ಆ ಚಿತ್ರ ನೋಡಿದರೆ ನನಗೆ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್ ನೆನಪಾಗುತ್ತದೆ. ಅದು ಕಟ್ಟಿದ್ದರೆ ಹೊಸದು ಹಳೆಯದನ್ನು ನುಂಗುತ್ತಿತ್ತು. ಧೈರ್ಯ ಅದಕ್ಕೂ ಇತ್ತು, ಅಲ್ವಾ? ಬರೀ ಧೈರ್ಯಕ್ಕೆ ನಾವು ಮಾರ್ಕ್ಸ್ ಕೊಡುವ ಹಾಗಿದ್ದರೆ ಚಪ್ಪರಕ್ಕೇ ಜಾಸ್ತಿ ಸಿಗಬೇಕು.

ಚಪ್ಪರವನ್ನು ಉರುಳಿಸಿದ್ದು ಖರ್ಚು. ಬೇಕಾದ ಜಾಗದ ಲೆಕ್ಕವನ್ನೇ ಸಂಸತ್ತು ಕಡಿಮೆ ಮಾಡಿತು, ಕಚೇರಿಗಳನ್ನು ಅಕ್ಕಪಕ್ಕದ ಹೊಸ ಕಟ್ಟಡಗಳಿಗೆ ಕಳಿಸುವುದು ಎಂದಾಯಿತು. ಫಾಸ್ಟರ್ ಮತ್ತೆ ಶುರುವಿನಿಂದ ಬರೆದರು. ಆಗ ಎದ್ದದ್ದು ಗುಮ್ಮಟದ ಕೂಗು. ಸಂಪ್ರದಾಯವಾದಿ ಪಕ್ಷಗಳ ಸದಸ್ಯರು, ಅದರಲ್ಲೂ ಹಿಂದೆ ವಸತಿ ಮತ್ತು ನಿರ್ಮಾಣ ಮಂತ್ರಿಯಾಗಿದ್ದ ಆಸ್ಕರ್ ಶ್ನೈಡರ್, ವಾಲೊಟ್ ಗುಮ್ಮಟವೇ ವಾಪಸ್ ಬರಬೇಕು ಎಂದು ಹಟ ಹಿಡಿದರು. ಫಾಸ್ಟರ್‌ಗೆ ಅದು ಸುತರಾಂ ಬೇಡ. ಹೋದ ಗುಮ್ಮಟದ ನಕಲು ಮಾಡುವುದು ಸುಳ್ಳು, ಮೇಲಾಗಿ ಅದು ಹಳೆಯ ಸಾಮ್ರಾಜ್ಯದ ಗುರುತು ಎಂಬುದು ಅವರ ವಾದ. ಬದಲಿಗೆ ಬೇರೆ ಬೇರೆ ಆಕಾರ ಬರೆದು ತೋರಿಸಿದರು. ಉದ್ದುದ್ದ ಕೊಳವೆಯಂಥದ್ದು, ದೀಪಸ್ತಂಭದಂಥದ್ದು. ಯಾವುದಕ್ಕೂ ಒಪ್ಪಿಗೆ ಸಿಗಲಿಲ್ಲ. ಕೊನೆಗೆ 1995ರಲ್ಲಿ ಗುಮ್ಮಟ ಎಂದೇ ತೀರ್ಮಾನವಾಯಿತು. ಗುಮ್ಮಟ ಬೇಕು ಎಂದವರ ಮಾತು ಆಕಾರದಲ್ಲಿ ಉಳಿಯಿತು, ನಕಲು ಬೇಡ ಎಂದ ಫಾಸ್ಟರ್ ಮಾತು ಉಳಿದ ಎಲ್ಲದರಲ್ಲಿ ಉಳಿಯಿತು.

ಇಲ್ಲಿ ಒಂದು ಕಹಿ ಮಾತೂ ಇದೆ. ಕಲಾಟ್ರಾವಾ ಅವರ ಸ್ಪರ್ಧೆಯ ಚಿತ್ರದಲ್ಲಿ ಗಾಜಿನ ಗುಮ್ಮಟ ಮೊದಲೇ ಇತ್ತು. ತಮ್ಮ ಕಲ್ಪನೆಯನ್ನು ತೆಗೆದುಕೊಂಡರು ಎಂದು ಅವರು ಬಹಿರಂಗವಾಗಿ ದೂರಿದರು. ಅದಕ್ಕೂ ಮೊದಲು ಜರ್ಮನಿಯ ಗಾಟ್‌ಫ್ರೀಡ್ ಬೋಮ್ ಕೂಡ ಜನ ಒಳಗೆ ಸುತ್ತಿ ನಡೆಯಬಹುದಾದ ಗಾಜಿನ ಗುಮ್ಮಟ ಬರೆದಿದ್ದರು. ಹಾಗಾಗಿ ‘ಫಾಸ್ಟರ್ ಅವರ ಪ್ರತಿಭೆಯ ಮಿಂಚು’ ಎಂದು ಬರೆದು ಮುಗಿಸುವುದು ನ್ಯಾಯವಲ್ಲ. ಆಕಾರದ ಕಲ್ಪನೆ ಹಲವರ ಕೈ ದಾಟಿ ಬಂದಿತ್ತು. ಫಾಸ್ಟರ್ ಮತ್ತು ಅವರ ತಂಡದ ಗಟ್ಟಿ ಕೊಡುಗೆ ಒಳಗಿನ ಆಲಿಕೆ. ಅದಕ್ಕೆ ಈಗ ಬರುತ್ತೇನೆ.

ಅದಕ್ಕೆ ಮುಂಚೆ ಎರಡು ವಾರದ ಒಂದು ವಿಚಿತ್ರ ಜಾತ್ರೆ ನಡೆಯಿತು. ಕಲಾವಿದ ದಂಪತಿ ಕ್ರಿಸ್ಟೊ ಮತ್ತು ಜಾನ್‌ಕ್ಲೋಡ್ ಇಡೀ ಕಟ್ಟಡವನ್ನು ಬೆಳ್ಳಿ ಬಣ್ಣದ ಬಟ್ಟೆಯಲ್ಲಿ ಸುತ್ತಿದರು. ಒಂದು ಲಕ್ಷ ಚದರ ಮೀಟರ್ ಬಟ್ಟೆ, ನೀಲಿ ಹಗ್ಗ. ಸಂಸತ್ತಿನಲ್ಲಿ ಇದಕ್ಕೂ ಮತದಾನ ಆಗಿತ್ತು, 292ಕ್ಕೆ 223. ನೋಡಲು ಸುಮಾರು 50 ಲಕ್ಷ ಜನ ಬಂದರು. 1995ರ ಜುಲೈ 7ರಂದು ಬಟ್ಟೆ ಬಿಚ್ಚಲು ಶುರುಮಾಡಿದರು, ಹಿಂದೆಯೇ ಒಡೆಯುವವರು ಬಂದರು. ಭಯ ಹುಟ್ಟಿಸುತ್ತಿದ್ದ ಕಟ್ಟಡ ಆ ಎರಡು ವಾರದಲ್ಲಿ ಊರವರಿಗೆ ಹತ್ತಿರವಾಯಿತು ಎಂದು ನನ್ನ ಅನಿಸಿಕೆ. ಹೊಸ ಗುಮ್ಮಟಕ್ಕೆ ಅದರಿಂದ ದಾರಿ ಸಲೀಸಾಯಿತು.

ಗುಮ್ಮಟದ ದಿನಗೆಲಸ

ಅಳತೆ ಮೊದಲು. ಗುಮ್ಮಟದ ವ್ಯಾಸ ಸುಮಾರು 40 ಮೀಟರ್, ಎತ್ತರ 23.5 ಮೀಟರ್. ನಮ್ಮ ವಿಜಯಪುರದ ಗೋಲ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಂದರೆ ಅಗಲದಲ್ಲಿ ಎರಡೂ ಹತ್ತಿರ ಹತ್ತಿರ. ಅಲ್ಲಿ ದಪ್ಪ ಗಾರೆ, ಒಳಗೆ ಕತ್ತಲು, ಪಿಸುಮಾತು ಸುತ್ತುತ್ತದೆ. ಇಲ್ಲಿ 24 ಉಕ್ಕಿನ ಪಕ್ಕೆಲುಬು, ಅಡ್ಡಕ್ಕೆ 17 ಬಳೆ, ಅವುಗಳ ಮೇಲೆ ಸುಮಾರು 3,000 ಚದರ ಮೀಟರ್ ಗಾಜು. ಒಳಗೆ ಬೆಳಕು ಸುತ್ತುತ್ತದೆ.

ಗಾಜನ್ನು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಒರಗಿಸಿದ್ದಾರೆ. ಹತ್ತಿರ ಹೋದರೆ ಸಾಲು ಸಾಲಿನ ನಡುವೆ ಸಂದು ಕಾಣುತ್ತದೆ, ಅಲ್ಲಿಂದ ಗಾಳಿ ಬರುತ್ತದೆ. ನೆತ್ತಿಯಲ್ಲಂತೂ ಗಾಜೇ ಇಲ್ಲ, ದೊಡ್ಡ ತೂತು. ನಾನು ಹೋದ ದಿನ ಜಿಟಿಜಿಟಿ ಮಳೆ. ತುದಿಯಲ್ಲಿ ಒಂದು ಅಟ್ಟಣೆ ಇದೆ, ಸುತ್ತ ಕೂರಲು ಬೆಂಚು. ಕೂತವರ ತಲೆ ಮೇಲೆ ಹನಿ ಬೀಳುತ್ತಿತ್ತು. ಯಾರೋ ಕೊಡೆ ಬಿಚ್ಚಿದರು. ಒಬ್ಬ ಅಜ್ಜ ಮುಖ ಮೇಲೆತ್ತಿ ಹಾಗೇ ಕೂತಿದ್ದರು. ನನಗೆ ತೊಟ್ಟಿ ಮನೆ ನೆನಪಾಯಿತು. ಮನೆಯ ನಟ್ಟನಡುವೆ ಆಕಾಶ, ಮಳೆ ಬಂದರೆ ಮಳೆ, ಬಿಸಿಲು ಬಂದರೆ ಬಿಸಿಲು. ಅಲ್ಲಿ ಅದು ಗಾಳಿ ಬೆಳಕಿಗೆ ಮಾಡಿಕೊಂಡ ದಾರಿ. ಇಲ್ಲೂ ಅಷ್ಟೇ.

ಈಗ ಆಲಿಕೆ. ಅದರ ಬುಡ ಸುಮಾರು ಎರಡೂವರೆ ಮೀಟರ್ ಅಗಲ, ಮೇಲ್ತುದಿ 16 ಮೀಟರ್. ತೂಕ 300 ಟನ್. ಅದರ ಬುಡ ಚಾವಣಿ ದಾಟಿ ಕೆಳಗಿನ ಸಭಾಂಗಣಕ್ಕೆ ಇಳಿಯುತ್ತದೆ. ಹೊರಗಿನ ಬೆಳಕು ಗಾಜಿನ ಮೂಲಕ ಬಂದು ಕನ್ನಡಿಗಳಿಗೆ ಬಡಿದು, ಅಲ್ಲಿಂದ ಕೆಳಗೆ ಸದಸ್ಯರು ಕೂತಿರುವ ಕಡೆ ಹೋಗುತ್ತದೆ. ಕನ್ನಡಿಗಳನ್ನು ಬಾಗಿಸಿರುವುದೇ ಆ ಲೆಕ್ಕಕ್ಕೆ. ಹೆಂಚಿನ ಮನೆಯಲ್ಲಿ ಎರಡು ಹೆಂಚಿನ ಮಧ್ಯೆ ಒಂದು ಗಾಜಿನ ಹೆಂಚು ಕೂರಿಸಿ ಬೆಳಕಿಂಡಿ ಮಾಡುತ್ತಿದ್ದರು. ಅಡುಗೆಮನೆಯ ಹೊಗೆಯಲ್ಲಿ ಬೆಳಕಿನ ಕೋಲು ಇಳಿಯುತ್ತಿತ್ತು. ಇದು ಅದರದೇ ಭಾರೀ ರೂಪ. ಸಂಸತ್ತಿನ ಬೆಳಕಿಂಡಿ.

ಬೆಳಕು ಬಂದರೆ ಬಿಸಿಲೂ ಬರುತ್ತದೆ. ಮಧ್ಯಾಹ್ನದ ಸೂರ್ಯ ನೇರ ಕನ್ನಡಿಗೆ ಹೊಡೆದರೆ ಕೆಳಗೆ ಮಾತನಾಡುತ್ತಿರುವ ಮಂತ್ರಿ ಕಣ್ಣು ಕಿವುಚಬೇಕಾದೀತು. ಅದಕ್ಕೆ ಗುಮ್ಮಟದ ಒಳಮೈಗೆ ಒಂದು ದೊಡ್ಡ ತಡಿಕೆ ಹಾಕಿದ್ದಾರೆ. ಅದು ಹಳಿಯ ಮೇಲೆ ಸರಿಯುತ್ತದೆ. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಅದೂ ಜೊತೆಗೆ ಹೋಗುತ್ತದೆ, ಯಾವಾಗಲೂ ಆಲಿಕೆಗೂ ಸೂರ್ಯನಿಗೂ ನಡುವೆ. ಅದನ್ನು ಓಡಿಸುವ ಕರೆಂಟು ಚಾವಣಿಯ ಸೌರ ಫಲಕಗಳದ್ದು. ಬಿಸಿಲನ್ನು ತಡೆಯುವ ಕೆಲಸ ಬಿಸಿಲಿನಿಂದಲೇ. ರಾತ್ರಿ ಎಲ್ಲ ತಿರುವುಮುರುವು. ಒಳಗಿನ ದೀಪದ ಬೆಳಕು ಕನ್ನಡಿ ಹತ್ತಿ ಹೊರಗೆ ಬರುತ್ತದೆ, ಗುಮ್ಮಟ ಲಾಟೀನಿನ ಹಾಗೆ ಹೊಳೆಯುತ್ತದೆ.

ಆಲಿಕೆಗೆ ಎರಡನೇ ಕೆಲಸವೂ ಇದೆ. ಅದು ಚಿಮಣಿ. ಸಭಾಂಗಣಕ್ಕೆ ಹೊಸ ಗಾಳಿ ನೆಲದ ಕಡೆಯಿಂದ ನಿಧಾನವಾಗಿ ಬರುತ್ತದೆ. ನೂರಾರು ಜನ ಕೂತು ಮಾತಾಡಿ ಬಿಸಿಯಾದ ಗಾಳಿ ತಾನಾಗೇ ಮೇಲೆ ಏಳುತ್ತದೆ, ಆಲಿಕೆಯ ಒಳಗೆ ನುಗ್ಗಿ ನೆತ್ತಿಯ ತೂತಿನಿಂದ ಆಚೆ ಹೋಗುತ್ತದೆ. ಹೋಗುವ ಮುಂಚೆ ಅದರ ಕಾವನ್ನು ಯಂತ್ರವೊಂದು ಹೀರಿ ಇಟ್ಟುಕೊಳ್ಳುತ್ತದೆ. ರಾಜಕಾರಣಿಗಳ ಬಿಸಿ ಗಾಳಿ ಎಂದು ಇಲ್ಲಿ ಜೋಕ್ ಮಾಡದೆ ಹೋದವರು ಕಡಿಮೆ. ನಾನೂ ಮಾಡಿದೆ, ಕ್ಷಮೆ ಇರಲಿ.

ಕಣ್ಣಿಗೆ ಕಾಣದ ಕೆಲಸ ನೆಲದಡಿಯಲ್ಲಿದೆ. ವಿದ್ಯುತ್ತಿಗೂ ಕಾವಿಗೂ ಸಾಸಿವೆ ಜಾತಿಯ ರೇಪ್ ಗಿಡದ ಬೀಜದ ಎಣ್ಣೆಯಿಂದ ಎಂಜಿನ್ ಓಡಿಸುವ ವ್ಯವಸ್ಥೆ ಮಾಡಿದರು. ಬೇಸಿಗೆಯಲ್ಲಿ ಮಿಕ್ಕುವ ಕಾವನ್ನು ಸುಮಾರು 300 ಮೀಟರ್ ಆಳದ ನೀರಿನ ಪದರಕ್ಕೆ ಇಳಿಸಿ ಇಡುತ್ತಾರೆ, ಚಳಿಗಾಲದಲ್ಲಿ ಮೇಲೆತ್ತಿ ಬಳಸುತ್ತಾರೆ. ಚಳಿಗಾಲದ ತಂಪನ್ನು ಸುಮಾರು 60 ಮೀಟರ್ ಆಳದ ಇನ್ನೊಂದು ಪದರದಲ್ಲಿ ಬೇಸಿಗೆಗೆ ಕಾದಿಡುತ್ತಾರೆ. ಉಪ್ಪಿನಕಾಯಿ ಭರಣಿ ತತ್ವ ಅನ್ನಿ. ಇದರಿಂದ ಇಂಗಾಲದ ಡೈಆಕ್ಸೈಡ್ ಹೊರಸೂಸುವುದು 94 ಪರ್ಸೆಂಟ್ ಇಳಿಯಿತು ಎಂಬುದು ಫಾಸ್ಟರ್ ಕಚೇರಿಯ ಲೆಕ್ಕ. ಮಾಡಿದವರೇ ಕೊಟ್ಟ ಅಂಕಿ, ಆದ್ದರಿಂದ ಒಂದು ಚಿಟಿಕೆ ಕಡಿಮೆ ಮಾಡಿಕೊಂಡೇ ಓದಿ. ತೊಂಬತ್ತರ ದಶಕದಲ್ಲಿ ಒಂದು ದೇಶದ ಸಂಸತ್ತು ಹೀಗೆ ಯೋಚಿಸಿತ್ತು ಎಂಬುದಂತೂ ನಿಜ.

ಇನ್ನು ಜನ ನಡೆಯುವ ದಾರಿ. ಎರಡು ರ‍್ಯಾಂಪುಗಳು ಗುಮ್ಮಟದ ಒಳಮೈಗೆ ಸುತ್ತಿಕೊಂಡು ಹೋಗುತ್ತವೆ. ಒಂದೊಂದೂ ಸುಮಾರು 230 ಮೀಟರ್ ಉದ್ದ. ಒಂದು ಹತ್ತಲು, ಇನ್ನೊಂದು ಇಳಿಯಲು. ಹಾವುಗಳ ಹಾಗೆ ಒಂದರ ಎದುರಿಗೆ ಇನ್ನೊಂದು ಸುತ್ತುವುದರಿಂದ ಹತ್ತುವವರಿಗೆ ಇಳಿಯುವವರು ಅಡ್ಡ ಬರುವುದಿಲ್ಲ. ಏರು ಎಷ್ಟು ಮೆಲ್ಲಗಿದೆ ಎಂದರೆ ಉಸಿರು ಕಟ್ಟದೆ ತುದಿ ಮುಟ್ಟಬಹುದು, ಗಾಲಿಕುರ್ಚಿಯೂ ಹೋಗುತ್ತದೆ. ನಡೆಯುತ್ತಾ ಊರೆಲ್ಲ ಒಂದು ಸುತ್ತು ಕಾಣುತ್ತದೆ. ಟೀರ್‌ಗಾರ್ಟನ್ ಕಾಡು, ಬ್ರಾಂಡೆನ್‌ಬುರ್ಗ್ ಬಾಗಿಲಿನ ಬೆನ್ನು, ಸ್ಪ್ರೀ ನದಿ. ಕೆಳಗೆ ನೋಡಿದರೆ ಆಲಿಕೆಯ ಬುಡದ ಸುತ್ತಿನ ಗಾಜಿನಲ್ಲಿ ಸಭಾಂಗಣದ ನೀಲಿ ಕುರ್ಚಿಗಳು.

ಜನ ಮೇಲೆ, ಪ್ರತಿನಿಧಿಗಳು ಕೆಳಗೆ. ಈ ಗುಮ್ಮಟದ ಬಗ್ಗೆ ಎಲ್ಲರೂ ಹೇಳುವ ಮಾತು ಇದು. ಮಾತು ಚೆನ್ನಾಗಿದೆ, ಆದರೆ ನಿಜವಾಗಿ ಕಾಣುವುದು ಅಷ್ಟಕ್ಕಷ್ಟೇ. ಗಾಜಿನ ಮೇಲೆ ಹೊಳಪು, ಆ ಹೊಳಪಿನಲ್ಲಿ ನಮ್ಮದೇ ಮುಖ. ಯಾರು ಎದ್ದು ನಿಂತು ಏನು ಹೇಳುತ್ತಿದ್ದಾರೆ ಎಂಬುದು ಇಲ್ಲಿಂದ ಗೊತ್ತಾಗುವುದಿಲ್ಲ. ನನಗೆ ಈ ಸಂಕೇತಕ್ಕಿಂತ ಬೆಳಕಿಂಡಿ, ಚಿಮಣಿ ಇವೇ ಜಾಸ್ತಿ ಹಿಡಿಸಿದವು. ಸಂಕೇತ ಹಳೆಯದಾಗಬಹುದು. ಗಾಳಿ ಬೆಳಕು ಪ್ರತಿ ಅಧಿವೇಶನಕ್ಕೂ ಬೇಕು.

ಗೋಡೆಯ ಮೇಲಿನ ಹೆಸರುಗಳು

ಗುಮ್ಮಟ ಫೋಟೊಗೆ ಬೀಳುತ್ತದೆ, ಆದರೆ ಈ ಯೋಜನೆಯ ಇನ್ನೊಂದು ಅರ್ಧ ಒಳಗಿನ ಗೋಡೆಗಳು. ಅದನ್ನು ಬಿಟ್ಟು ಗುಮ್ಮಟವನ್ನಷ್ಟೇ ಮೆಚ್ಚಿದರೆ ಅರ್ಧ ಊಟ ಮಾಡಿ ಎದ್ದಂತೆ.

ಬೌಮ್‌ಗಾರ್ಟನ್ ಹೊಡೆಸಿದ್ದ ಫಲಕಗಳನ್ನು ಕಿತ್ತಾಗ ಹಿಂದೆ ಹಳೆಯ ಕಲ್ಲು ಸಿಕ್ಕಿತು. ಕಲ್ಲಿನ ಮೇಲೆ ರಷ್ಯನ್ ಅಕ್ಷರಗಳು. 1945ರ ಮೇ ತಿಂಗಳಿನಲ್ಲಿ ಕಟ್ಟಡಕ್ಕೆ ಬಂದ ಸೋವಿಯತ್ ಸೈನಿಕರು ಇದ್ದಿಲಿನಲ್ಲಿ, ಬಣ್ಣದ ಸೀಮೆಸುಣ್ಣದಲ್ಲಿ ಗೀಚಿದ್ದು. ಹೆಚ್ಚಿನವು ಬರೀ ಹೆಸರು. ಯಾವ ಊರಿನಿಂದ ಹೊರಟು ಬರ್ಲಿನ್ ಮುಟ್ಟಿದೆವು ಎಂದು ಬರೆದವರಿದ್ದಾರೆ. ನಮ್ಮ ಕೋಟೆ ಗುಡಿಗಳ ಗೋಡೆಯಲ್ಲಿ ಪ್ರೇಮಿಗಳ ಹೆಸರು ನೋಡಿ ಸಿಟ್ಟಾಗುವ ನಾನು ಇಲ್ಲಿ ಸುಮ್ಮನೆ ನಿಂತೆ. ಇವರು ಪ್ರವಾಸಕ್ಕೆ ಬಂದವರಲ್ಲ. ಬದುಕಿ ಬಂದೆವು ಎಂದು ರುಜು ಹಾಕಿದವರು.

ಸೋತ ದೇಶದ ಸಂಸತ್ತಿನೊಳಗೆ ಗೆದ್ದವರ ಗೀಚು. ಬಳಿದು ಮುಚ್ಚುವುದು ಸುಲಭವಿತ್ತು. ಫಾಸ್ಟರ್ ಉಳಿಸೋಣ ಎಂದರು, ಸಂಸತ್ತಿನ ಹಿರಿಯರು ಬೆನ್ನಿಗೆ ನಿಂತರು. ಅಶ್ಲೀಲವಾದ ಕೆಲವನ್ನು ರಷ್ಯಾದ ರಾಯಭಾರ ಕಚೇರಿಯ ಜೊತೆ ಮಾತಾಡಿ ಅಳಿಸಿದರು, ಉಳಿದದ್ದನ್ನು ಜೋಪಾನ ಮಾಡಿದರು. 2002ರಲ್ಲಿ ಕೆಲವು ಸದಸ್ಯರು ಇನ್ನಷ್ಟು ಕಡಿಮೆ ಮಾಡಿ ಎಂದು ಪ್ರಸ್ತಾಪ ತಂದರು. ಬರಹ ಉಳಿಯಿತು. ಇವತ್ತು ಸದಸ್ಯರು ಕಾಫಿ ಕಪ್ ಹಿಡಿದು ಓಡಾಡುವ ಮೊಗಸಾಲೆಯಲ್ಲೇ ಆ ಹೆಸರುಗಳಿವೆ.

ಹಳೆಯ ಕಲ್ಲಿನ ಒಡಕು, ಗುಂಡಿನ ಕಚ್ಚು, ಸುಟ್ಟ ಕಲೆ ಇವನ್ನೂ ಹಾಗೇ ಬಿಟ್ಟಿದ್ದಾರೆ. ಹೊಸದಾಗಿ ಸೇರಿಸಿದ್ದು ಹೊಸದಾಗಿಯೇ ಕಾಣುತ್ತದೆ. ನಯವಾದ ಗಾರೆ ಒಂದು ಕಡೆ ನಿಂತು, ಪಕ್ಕದಲ್ಲೇ ತರಚಿದ ಕಲ್ಲು ಶುರುವಾಗುತ್ತದೆ. ಹೊಲಿಗೆ ಮುಚ್ಚಿಲ್ಲ. ಚಾವಣಿಯ ಮೇಲೆ ಗಾಜು ಅಷ್ಟು ರಾಜಾರೋಷವಾಗಿ ಹೊಸದಾಗಿರಲು ಈ ಪ್ರಾಮಾಣಿಕತೆಯೇ ಪರವಾನಗಿ ಕೊಟ್ಟಿದೆ ಅನಿಸುತ್ತದೆ. ಕೆಳಗೆ ಹಳೆಯದಕ್ಕೆ ಪೌಡರ್ ಹಚ್ಚಿ ಮೇಲೆ ಗಾಜಿಟ್ಟಿದ್ದರೆ ಅದು ಶೋಕಿಯಾಗುತ್ತಿತ್ತು.

ನಮ್ಮ ಊರಿನ ನೆನಪು ಬರದೆ ಇರಲಿಲ್ಲ. ವಿಧಾನಸೌಧಕ್ಕೆ ಜಾಗ ಸಾಲದಾದಾಗ ಪಕ್ಕದಲ್ಲಿ ವಿಕಾಸಸೌಧ ಕಟ್ಟಿದೆವು, 2005ರಲ್ಲಿ ಅದು ಶುರುವಾಯಿತು. ಅಣ್ಣನ ಅಂಗಿಯನ್ನೇ ತಮ್ಮನಿಗೂ ಹೊಲಿಸಿದ ಹಾಗೆ, ಅದೇ ಕಂಬ, ಅದೇ ಗುಮ್ಮಟ. ದೂರದಿಂದ ಬಂದವರು ಎರಡನ್ನೂ ಒಂದೇ ಕಾಲದ್ದು ಎಂದುಕೊಳ್ಳುತ್ತಾರೆ. ಬೈಯುವುದಕ್ಕೆ ಹೇಳುತ್ತಿಲ್ಲ. ಹಳೆಯದರ ಮೇಲಿನ ಗೌರವಕ್ಕೇ ಹಾಗೆ ಮಾಡಿದ್ದು. ಆದರೆ 1956ರ ಕಟ್ಟಡಕ್ಕೆ ಹೋಲುವ ಕಟ್ಟಡವನ್ನು ಅರ್ಧ ಶತಮಾನ ಕಳೆದ ಮೇಲೆ ಕಟ್ಟಿದಾಗ, ಆ ಅರ್ಧ ಶತಮಾನದಲ್ಲಿ ಕಲಿತದ್ದು ಎಲ್ಲಿ ಹೋಯಿತು ಎಂದು ಕೇಳಬಹುದಲ್ಲ?

ಬಾಗಿಲಲ್ಲಿ ಏನಾಗಿದೆ

1999ರ ಏಪ್ರಿಲ್ 19ರಂದು ಕಟ್ಟಡ ಮತ್ತೆ ತೆರೆಯಿತು. ಖರ್ಚು ಸುಮಾರು 60 ಕೋಟಿ ಜರ್ಮನ್ ಮಾರ್ಕ್. ಅದೇ ವರ್ಷ ಫಾಸ್ಟರ್‌ಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು. ಶುರುವಿನ ವರ್ಷಗಳಲ್ಲಿ ಪಶ್ಚಿಮದ ದೊಡ್ಡ ಮೆಟ್ಟಿಲಿನ ಮುಂದೆ ಸಾಲು ನಿಂತರೆ ಆಯಿತು, ಜನ ಒಳಗೆ ಹೋಗುತ್ತಿದ್ದರು. ಟಿಕೆಟ್ ಇಲ್ಲ. ಈಗಲೂ ಇಲ್ಲ.

ಆದರೆ 2010ರ ಕೊನೆಯಲ್ಲಿ ಭಯೋತ್ಪಾದಕ ದಾಳಿಯ ಎಚ್ಚರಿಕೆ ಬಂದಾಗ ಗುಮ್ಮಟ ಕೆಲವು ದಿನ ಮುಚ್ಚಿತು. ತೆರೆದ ಮೇಲೆ ಮುಂಗಡ ನೋಂದಣಿ ಕಡ್ಡಾಯವಾಯಿತು. ಹೆಸರು, ಹುಟ್ಟಿದ ದಿನಾಂಕ ಕೊಟ್ಟು ಸಮಯ ಪಡೆಯಬೇಕು. ತಾತ್ಕಾಲಿಕ ಎಂದು ಹಾಕಿದ ತಪಾಸಣೆಯ ಕಂಟೇನರುಗಳು ವರ್ಷಗಟ್ಟಲೆ ಅಲ್ಲೇ ಕೂತವು. ನನ್ನ ಬೆಲ್ಟ್ ಬಿಚ್ಚಿಸಿದ್ದು ಅಂಥದೊಂದು ಡಬ್ಬಿಯೊಳಗೇ. 2020ರ ಆಗಸ್ಟಿನಲ್ಲಿ ಪ್ರತಿಭಟನೆಗೆ ಬಂದ ಒಂದು ಗುಂಪು ತಡೆ ದಾಟಿ ಮೆಟ್ಟಿಲಿಗೆ ನುಗ್ಗಿತು. ಕಟ್ಟಡದ ಮುಂದೆ ಕಂದಕ ತೋಡುವ ಯೋಜನೆಗೆ ಆಮೇಲೆ ಇನ್ನಷ್ಟು ಬೆಂಬಲ ಸಿಕ್ಕಿತು. ಪಾರದರ್ಶಕ ಗುಮ್ಮಟ, ಕೆಳಗೆ ಕಂದಕ. ತಪ್ಪು ವಾಸ್ತುಶಿಲ್ಪಿಯದಲ್ಲ, ಕಾಲದ್ದು. ಆದರೂ ಮೆಚ್ಚುವಾಗ ಇದನ್ನು ಬಿಡಬಾರದು. ಮೇಲಿನ ಗಾಜು ಎಷ್ಟೇ ತೆರೆದಿದ್ದರೂ ಕಟ್ಟಡ ಎಷ್ಟು ತೆರೆದಿದೆ ಎಂಬುದು ನೆಲದ ಮಟ್ಟದಲ್ಲಿ ಗೊತ್ತಾಗುತ್ತದೆ.

ದಪ್ಪ ಕೋಳಿ

ಫಾಸ್ಟರ್ ಪೂರ್ತಿ ಸೋತ ಜಾಗ ಒಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಸಭಾಂಗಣದಲ್ಲಿ ಅಧ್ಯಕ್ಷರ ಪೀಠದ ಹಿಂದೆ ಒಂದು ದೊಡ್ಡ ಹದ್ದು ತೂಗುತ್ತದೆ, ಜರ್ಮನಿಯ ಲಾಂಛನ. ಬಾನ್ ಸಂಸತ್ತಿಗೆ 1953ರಲ್ಲಿ ಲುಡ್ವಿಗ್ ಗೀಸ್ ಎಂಬ ಶಿಲ್ಪಿ ಮಾಡಿದ ಹದ್ದಿನ ರೂಪ. ಗುಂಡುಗುಂಡಾಗಿದೆ, ಉಗ್ರತೆ ಇಲ್ಲ. ಜರ್ಮನ್ನರು ಪ್ರೀತಿಯಿಂದ ‘ದಪ್ಪ ಕೋಳಿ’ ಎಂದು ಕರೆಯುತ್ತಾರೆ.

ಫಾಸ್ಟರ್‌ಗೆ ತೆಳ್ಳಗಿನ, ಚುರುಕಾದ ಹದ್ದು ಬೇಕಿತ್ತು. ನೂರೆಂಬತ್ತರಷ್ಟು ಚಿತ್ರ ಬರೆದರಂತೆ. ಸದಸ್ಯರು ಒಂದನ್ನೂ ಒಪ್ಪಲಿಲ್ಲ. ಗುಮ್ಮಟದ ವಿಷಯದಲ್ಲಿ ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಹೊಸದನ್ನು ಅಪ್ಪಿಕೊಂಡವರು ಕೋಳಿಯ ವಿಷಯದಲ್ಲಿ ಒಂದಿಂಚೂ ಬಗ್ಗಲಿಲ್ಲ. ಬಾನ್‌ನ ನಲವತ್ತು ವರ್ಷದ ಪ್ರಜಾಪ್ರಭುತ್ವ ಆ ದಪ್ಪ ಹಕ್ಕಿಯ ಕೆಳಗೇ ನಡೆದಿತ್ತು. ಅದಕ್ಕೆ ಡಯಟ್ ಮಾಡಿಸುವುದು ಅವರಿಗೆ ಬೇಡವಾಗಿತ್ತು.

ಹೊಸ ಸಭಾಂಗಣದಲ್ಲಿ ಹದ್ದಿನ ಹಿಂದೆ ಗೋಡೆ ಇಲ್ಲ, ಗಾಜು. ಬಾನ್‌ನಲ್ಲಿ ಗೋಡೆಗೆ ಒರಗಿದ್ದ ಹಕ್ಕಿಗೆ ಬೆನ್ನು ಬೇಕಿರಲಿಲ್ಲ. ಇಲ್ಲಿ ಆಚೆ ಕಡೆ ಓಡಾಡುವವರಿಗೆ ಅದರ ಹಿಂಬದಿ ಕಾಣುತ್ತದೆ. ಆ ಬೆನ್ನನ್ನು ಬರೆಯುವ ಕೆಲಸ ಫಾಸ್ಟರ್‌ಗೆ ಕೊಟ್ಟರು. ಅವರು ಬರೆದುಕೊಟ್ಟರು.